ಹಳೇ ರಸ್ತೆಯಲ್ಲಿ ಪೊಲೀಸರ ರೇಸು

ಇಪ್ಪತ್ತು ವರ್ಷ ಖಾಕಿ ಸವೆಸಿದ ಮೇಲೆ ನನಗೆ ಒಂದು ವಿಷಯ ಖಾತ್ರಿಯಾಗಿದೆ. ಪೊಲೀಸರು ಜನರನ್ನು ಹೆದರಿಸಲು ಹೊರಟರೆ ಎಲ್ಲವೂ ಅಂದುಕೊಂಡ ಹಾಗೆ ನಡೆಯುತ್ತದೆ. ಸ್ನೇಹ ಮಾಡಲು ಹೊರಟಾಗಲೇ ಒಂದಿಲ್ಲೊಂದು ಆಗುವುದು.

ನಾನು ಹೆಡ್ ಕಾನ್‌ಸ್ಟೇಬಲ್. ಹಡಗಲಿಯಲ್ಲಿ ಇದ್ದೆ, ಹರಪನಹಳ್ಳಿಯಲ್ಲಿ ಇದ್ದೆ, ಮೈಲಾರದ ಜಾತ್ರೆಯ ಜನಸಾಗರದ ನಡುವೆ ಬಂದೋಬಸ್ತಿಗೆ ನಿಂತು ಕಾಲು ಊದಿಸಿಕೊಂಡಿದ್ದೇನೆ. ಈಗಿರುವ ಠಾಣೆ ಯಾವುದೆಂದು ಮಾತ್ರ ಹೇಳುವುದಿಲ್ಲ. ನನ್ನ ವರ್ಗಾವಣೆಯ ಅರ್ಜಿ ಇನ್ನೂ ಮೇಲಿನವರ ಮೇಜಿನ ಮೇಲೆ ಕೂತಿದೆ.

ನಮ್ಮ ಕಡೆ ಕೆಲವು ವರ್ಷಗಳಿಂದ ಒಂದು ಹೊಸ ಹುಚ್ಚು. ಭಾನುವಾರ ಬೆಳಿಗ್ಗೆ ಹುಡುಗರು ಸೈಲೆನ್ಸರ್ ಕಿತ್ತ ಬೈಕುಗಳನ್ನು ತಂದು ಕೂಡ್ಲಿಗಿಯಿಂದ ಕೊಟ್ಟೂರಿಗೆ ಹೋಗುವ ರಸ್ತೆಯಲ್ಲಿ ಜೋಡಿ ಜೋಡಿಯಾಗಿ ನಿಲ್ಲುತ್ತಾರೆ. ಯಾರೋ ಒಬ್ಬ ಕರವಸ್ತ್ರ ಬೀಸುತ್ತಾನೆ. ಆಮೇಲೆ ಬಸ್ಸು, ಟ್ರ್ಯಾಕ್ಟರು, ಕುರಿ ಹಿಂಡು ಯಾವುದೂ ಅವರ ಕಣ್ಣಿಗೆ ಕಾಣುವುದಿಲ್ಲ. ಹಿಡಿದೆವು, ದಂಡ ಹಾಕಿದೆವು, ಬೈಕುಗಳನ್ನು ಠಾಣೆಯ ಅಂಗಳದಲ್ಲಿ ನಿಲ್ಲಿಸಿಕೊಂಡೆವು. ಅಂಗಳ ತುಂಬಿತು, ರೇಸು ನಿಲ್ಲಲಿಲ್ಲ.

ಆಗ ಹೊಸದಾಗಿ ಬಂದಿದ್ದರು ನಮ್ಮ ಸಬ್ ಇನ್ಸ್‌ಪೆಕ್ಟರ್. ವಯಸ್ಸಿನಲ್ಲಿ ನನಗಿಂತ ಹದಿನೈದು ವರ್ಷ ಚಿಕ್ಕವರು, ಆದರೂ ನಮಗೆಲ್ಲ ಸಾಹೇಬ್ರು. ಒಂದು ದಿನ ನನ್ನನ್ನು ಕರೆದು, "ಬಿಡ್ರಿ ಅಂದ್ರೆ ಅವರು ಬಿಡಲ್ಲ ಮೇಡಂ. ನಾವೇ ರೇಸ್ ಇಡೋಣ" ಅಂದರು. ಹೈವೇ ಅಗಲ ಮಾಡಿದಾಗ ಪಕ್ಕಕ್ಕೆ ಉಳಿದುಹೋದ ಹಳೇ ರಸ್ತೆಯ ಒಂದು ತುಂಡು, ನೆಟ್ಟಗೆ ನಾನೂರು ಮೀಟರು. ಒಂದು ಸಲಕ್ಕೆ ಇಬ್ಬರು, ಪಕ್ಕಪಕ್ಕದಲ್ಲಿ. ಹೆಲ್ಮೆಟ್ ಬೇಕು, ಲೈಸೆನ್ಸ್ ಬೇಕು, ಆಂಬುಲೆನ್ಸ್ ನಿಂತಿರಬೇಕು. ಇದಕ್ಕೆ ಡ್ರ್ಯಾಗ್ ರೇಸ್ ಅನ್ನುತ್ತಾರಂತೆ. ಹುಡುಗರ ಎದುರಾಳಿ ಪೊಲೀಸರೇ. ಬಂದವರೆಲ್ಲ 'ಇನ್ನು ಸಾರ್ವಜನಿಕ ರಸ್ತೆಯಲ್ಲಿ ರೇಸ್ ಮಾಡುವುದಿಲ್ಲ' ಅಂತ ಸಹಿ ಮಾಡಿ ಹೋಗಬೇಕು.

"ಹುಡುಗರ ಜೊತೆ ಮಾತಾಡೋ ಕೆಲಸ ನಿಮ್ದು. ಬಿ.ಎ. ಓದೀರಲ್ಲ" ಅಂದರು.

ನಾನು ಬಿ.ಎ.ಯಲ್ಲಿ ಓದಿದ್ದು ಇತಿಹಾಸ. ಸೈನ್ಯ ಇಟ್ಟುಕೊಂಡವರು ಸ್ನೇಹಕ್ಕೆ ಕರೆದಾಗ ಏನೇನಾಗಿದೆ ಎಂದು ಚೆನ್ನಾಗಿ ನೆನಪಿತ್ತು. ಆದರೂ ಸೆಲ್ಯೂಟ್ ಹೊಡೆದು ಹೊರಬಂದೆ.

ಕೇಳುವ ಮಗ

ಈ ವಿಷಯ ಗುಡೇಕೋಟೆ ಕಡೆಯ ಒಬ್ಬ ತಾಯಿಯ ಕಿವಿಗೆ ಬಿತ್ತು. ಕುರಿ ಸಾಕುವ ಮನೆಯವಳು. ಠಾಣೆಗೆ ಬಂದು, ಒಳಗೆ ಬರಲು ಒಲ್ಲದೆ ಬಾಗಿಲಲ್ಲೇ ನಿಂತು ನನ್ನನ್ನು ಹೊರಗೆ ಕರೆದಳು.

"ಯಮ್ಮಾ, ನನ್ನ ಮಗ ಸರ್ಕಾರಿ ಬಸ್ಸಿನ ಡ್ರೈವರ್ ಲಿಸ್ಟಿನ್ಯಾಗ ಬಂದಾನ. ಕಾಗದ ನೋಡೋದು ಒಂದು ಬಾಕಿ ಐತಂತ. ಪೊಲೀಸ್ ಕೇಸ್ ಒಂದು ಬಿತ್ತಂದ್ರ ಕೆಲಸ ಹೋತಂತ. ಇವ ನೋಡಿದ್ರ ಐತಾರ ಬಂತಂದ್ರ ಬೈಕ್ ತಗಂಡು ಆ ರಸ್ತಿಗೆ ಹೋಗ್ತಾನ."

ಮಗ ಯಾರೆಂದು ನನಗೆ ಆಗಲೇ ಗೊತ್ತಿತ್ತು. ಆ ರಸ್ತೆಯಲ್ಲಿ ಅವನಷ್ಟು ಜೋರಾಗಿ ಓಡಿಸುವವನು ಇನ್ನೊಬ್ಬನಿರಲಿಲ್ಲ. ನಮಗೆ ಇನ್ನೂ ಸಿಕ್ಕಿರಲಿಲ್ಲ ಅಷ್ಟೆ.

"ನೀನು ಹೇಳಬೇಕವ್ವ ಅವಗ. ತಾಯಿ ಮಾತು ಕೇಳಂಗಿಲ್ಲೇನು?"

"ಅಯ್ಯ, ಕೇಳ್ತಾನ್ರಿ. ತಲಿ ತಗ್ಗಿಸ್ಕಂಡು ಪೂರಾ ಕೇಳ್ತಾನ. ಕೇಳಿ ಹೋಗ್ತಾನ."

ಅವಳ ಕೈ ಹಿಡಿದುಕೊಂಡು ಹೇಳಿದೆ: ಅವನನ್ನು ನಮ್ಮ ರೇಸಿಗೆ ಕಳಿಸು, ದೊಡ್ಡ ರಸ್ತೆಗೆ ಬಿಡಬೇಡ. ಕಾಗದ ನೋಡುವ ದಿನದವರೆಗೆ ಅವನ ಮೇಲೆ ಕೇಸು ಬೀಳದ ಹಾಗೆ ಕಾಯುವುದು ನನ್ನ ಜವಾಬ್ದಾರಿ. ಕೊಡಬಾರದ ಮಾತು ಕೊಟ್ಟೆ ಎಂದು ಗೊತ್ತಾದದ್ದು ಆಮೇಲೆ.

ಜೀಪಿನ ಗುಟ್ಟು

ಮೊದಲು ಹುಡುಗರನ್ನು ಕರೆಯಬೇಕಲ್ಲ. ಹಗರಿಬೊಮ್ಮನಹಳ್ಳಿ ಕಡೆಯ ಒಂದು ಕಾಲೇಜಿಗೆ ಹೋದೆ. ಜೊತೆಗೆ ನಮ್ಮ ಜೀಪಿನ ಡ್ರೈವರು. ಅವರೂ ಕಾನ್‌ಸ್ಟೇಬಲ್ಲೇ, ನಿವೃತ್ತಿಗೆ ಹತ್ತಿರ ಬಂದವರು, ಸುಳ್ಳು ಹೇಳಲು ಬಾರದ ಮನುಷ್ಯ.

ಒಂದು ಗಂಟೆ ಮಾತಾಡಿದೆ. ಕಾನೂನು ಹೇಳಿದೆ, ಶಿಕ್ಷೆ ಹೇಳಿದೆ, ಆಸ್ಪತ್ರೆಯಲ್ಲಿ ನಾನು ಕಂಡದ್ದನ್ನೆಲ್ಲ ಹೇಳಿದೆ. ಕೊನೆಗೆ ಕೇಳಿದೆ, "ಇಲ್ಲಿ ಯಾರ್ಯಾರು ರೇಸ್ ಮಾಡ್ತೀರಿ? ಹೆದರಬ್ಯಾಡ್ರಿ, ಕೈ ಎತ್ರಿ."

ಒಂದು ಕೈಯೂ ಏಳಲಿಲ್ಲ.

"ಹೋಗಲಿ, ರೇಸ್ ಮಾಡೋರನ್ನ ನೋಡಿದೋರು?"

ಅದೂ ಇಲ್ಲ. ಆ ಕಾಲೇಜಿನಲ್ಲಿ ಬೈಕ್ ಎಂಬ ವಸ್ತುವನ್ನೇ ಯಾರೂ ನೋಡಿರಲಿಲ್ಲ. ಕಿಟಕಿಯ ಹೊರಗೆ ಮಾತ್ರ ನಲವತ್ತು ಬೈಕು ನಿಂತಿದ್ದವು.

ಹಿಂದಿನ ಬೆಂಚಿನಿಂದ ಒಬ್ಬ ಎದ್ದು ನಿಂತ. ಭಾರಿ ವಿನಯ. "ಮೇಡಂ, ನಿಮ್ಮ ಜೀಪು ಎಷ್ಟರ ಮಟ ಓಡ್ತೈತ್ರಿ?"

"ಯಾಕಪ?"

"ಸುಮ್ನ, ತಿಳಕಳಾಕ."

ನಾನು ಬಾಯಿ ತೆರೆಯುವ ಮೊದಲೇ ಬಾಗಿಲಲ್ಲಿ ನಿಂತಿದ್ದ ಡ್ರೈವರು ನಿಟ್ಟುಸಿರು ಬಿಟ್ಟು, "ಎಪ್ಪತ್ತು ದಾಟಿದ್ರ ಎಡಗಡೆ ಬಾಗಿಲು ಕಳಚಿಕೊಂತೈತಿ ತಮ್ಮಾ. ಅರವತ್ತರ ಮ್ಯಾಲ ನಾನು ಒತ್ತಂಗಿಲ್ಲ" ಅಂದರು.

ನನ್ನ ಭಾಷಣದ ಒಂದು ಸಾಲನ್ನೂ ಬರೆದುಕೊಳ್ಳದ ಆ ತರಗತಿ, ಆ ಒಂದು ವಾಕ್ಯವನ್ನು ನೋಟ್‌ಬುಕ್ ತೆರೆದು ಬರೆದುಕೊಂಡಿತು.

ಟೋಪಿ

ಅಂತೂ ರೇಸಿನ ದಿನ ಬಂತು. ಬಹಳ ಹುಡುಗರಿಗೆ ಇನ್ನೂ ಅನುಮಾನ, ಎಲ್ಲರ ಬೈಕನ್ನೂ ಒಂದೇ ಸಲಕ್ಕೆ ಹಿಡಿಯಲು ಪೊಲೀಸರು ಹೂಡಿದ ಆಟ ಇದು ಅಂತ. ಆದರೂ ಅರವತ್ತು ಜನ ಬಂದರು. ಬಾಗಿಲಿನ ಹಾಗೆ ಎರಡು ಬ್ಯಾರಿಕೇಡ್ ನಿಲ್ಲಿಸಿದ್ದೆವು. ಹುಡುಗರಲ್ಲೇ ಇಬ್ಬರನ್ನು ಕಾವಲಿಗೆ ಹಾಕಿ, "ಹೆಲ್ಮೆಟ್ ಇಲ್ಲದವರನ್ನ ಒಳಗ ಬಿಡಬ್ಯಾಡ್ರಿ, ಯಾರೇ ಇರಲಿ" ಎಂದು ಸಾಹೇಬರು ಹಿಂದಿನ ದಿನವೇ ಹೇಳಿಟ್ಟಿದ್ದರು.

ಹೆಲ್ಮೆಟ್ಟುಗಳೋ, ಒಂದಕ್ಕಿಂತ ಒಂದು. ಗಾಳಿಯಂತ್ರದ ಕಂಬ ನಿಲ್ಲಿಸುವ ಕೆಲಸಕ್ಕೆ ಹೋಗುವವನೊಬ್ಬ ಅಲ್ಲಿನ ಹಳದಿ ಟೋಪಿ ಹಾಕಿಕೊಂಡು ಬಂದಿದ್ದ. ಹರಪನಹಳ್ಳಿಯವನೊಬ್ಬನದು ಕ್ರಿಕೆಟ್ ಹೆಲ್ಮೆಟ್.

"ಇದು ನಡೆಯಲ್ಲಪ್ಪ" ಅಂದೆ.

"ಯಾಕ್ ಮೇಡಂ? ಬಾಲ್ ಬಡಿದ್ರೂ ಏನೂ ಆಗಲ್ಲ ಇದಕ್ಕೆ."

"ರಸ್ತೆ ಬಡಿದ್ರೆ?"

ಅವನು ಹೆಲ್ಮೆಟ್ ತೆಗೆದು ಬೆರಳಿನಿಂದ ಕುಟ್ಟಿ ನೋಡಿದ. ಅಷ್ಟರಲ್ಲಿ ಬ್ಯಾರಿಕೇಡ್ ಹತ್ತಿರ ಗದ್ದಲ. ಹೋಗಿ ನೋಡಿದರೆ ಕಾವಲಿನ ಹುಡುಗರಿಬ್ಬರೂ ಒಂದು ಬೈಕಿಗೆ ಅಡ್ಡ ನಿಂತಿದ್ದಾರೆ. ಬೈಕಿನ ಮೇಲೆ ನಮ್ಮ ಸಾಹೇಬರು, ಇಸ್ತ್ರಿ ಮಾಡಿದ ಸಮವಸ್ತ್ರ, ಹೊಳೆಯುವ ಬೂಟು, ತಲೆಯ ಮೇಲೆ ಪೊಲೀಸ್ ಟೋಪಿ.

"ಸರ್, ಹೆಲ್ಮೆಟ್ಟು?"

"ಲೋ, ನಾನ್ಯಾರು ಗೊತ್ತೇನೋ?"

"ಗೊತ್ರಿ ಸರ್. 'ಯಾರೇ ಇರಲಿ' ಅಂದೋರು ನೀವ."

ಸಾಹೇಬರು ಬೈಕ್ ತಿರುಗಿಸಿ ಕ್ವಾರ್ಟರ್ಸಿಗೆ ಹೋಗಿ ಹೆಲ್ಮೆಟ್ ತಂದರು. ಅವರು ಬರುವವರೆಗೂ ಕ್ರಿಕೆಟ್ ಹೆಲ್ಮೆಟ್ಟಿನವನು ನನ್ನ ಪಕ್ಕ ಬಂದು ನಿಂತು, "ಮೇಡಂ, ಬೇಕಾದ್ರೆ ಸದ್ಯಕ್ಕೆ ನಂದು ಕೊಡ್ತೀನಿ ಅಂತ ಹೇಳಿ ಸರ್‌ಗೆ" ಅನ್ನುತ್ತಲೇ ಇದ್ದ.

ಹುರುಳಿ

ಹಳೇ ರಸ್ತೆಗೆ ಬಸ್ಸು ಲಾರಿ ಬರುವುದು ನಿಂತು ವರ್ಷಗಳಾಗಿತ್ತು. ಹಾಗಾಗಿ ಸುತ್ತಲಿನವರಿಗೆ ಅದು ರಸ್ತೆಯಾಗಿ ಉಳಿದಿರಲಿಲ್ಲ, ಕಣವಾಗಿತ್ತು. ನಾವು ಹಿಂದಿನ ಸಂಜೆ ಗುಡಿಸಿ ಸುಣ್ಣದಲ್ಲಿ ಗೆರೆ ಎಳೆದು ಹೋಗಿದ್ದೆವು. ಬೆಳಿಗ್ಗೆ ನೋಡಿದರೆ ಸುಣ್ಣದ ಗೆರೆಯ ಈಚೆಯಿಂದ ಅರ್ಧ ರಸ್ತೆಯವರೆಗೆ ಒಣಗಿದ ಹುರುಳಿ ಬಳ್ಳಿ ಹರಡಿ, ಪಕ್ಕದಲ್ಲಿ ಒಬ್ಬ ಹೆಂಗಸು ಎಲೆ ಅಡಿಕೆ ಹಾಕುತ್ತ ಕೂತಿದ್ದಾಳೆ.

"ಏನವ್ವ ಇದು! ಇವತ್ತು ಇಲ್ಲಿ ರೇಸ್ ಐತಿ, ಗೊತ್ತಿಲ್ಲೇನು?" ಅಂದೆ.

"ಗೊತ್ತೈತಿ ಬಿಡು. ಅರವತ್ತು ಗಾಡಿ ಬರ್ತಾವಂತ ಅಂದ್ರು. ಅದಕ್ಕ ರಾತ್ರಿನ ತಂದು ಹಾಕೀನಿ."

"ಇದರ ಮ್ಯಾಲ ಬೈಕು ಜಾರಿ ಬಿದ್ರ ಹುಡುಗರು ಸಾಯ್ತಾರವ್ವ. ತೆಗಿ."

"ತೆಗಿತೀನಿ. ಕಾಳು ಬಿಟ್ಟ ಮ್ಯಾಲ ತೆಗಿತೀನಿ."

ಸಾಹೇಬರು ಬಂದು ಹೇಳಿದರು, ಗದರಿದರು, ಕೊನೆಗೆ ಕೈ ಮುಗಿದರು. ಅವಳು ಎಲೆಗೆ ಸುಣ್ಣ ಹಚ್ಚುತ್ತಲೇ ಇದ್ದಳು. ಗುಡೇಕೋಟೆಯ ಆ ತಾಯಿಯ ಮಗನೂ ಬಂದಿದ್ದ, ಅವನೇ ಒಂದು ದಾರಿ ಹೇಳಿದ. "ಸರ್, ಅರ್ಧ ತಾಸು ಕೊಡ್ರಿ. ನಾವ ತುಳಿಸಿ ಕೊಡ್ತೀವಿ."

ಹೀಗೆ ಆ ದಿನದ ಡ್ರ್ಯಾಗ್ ರೇಸ್ ಶುರುವಾದದ್ದು ಒಕ್ಕಣೆಯಿಂದ. ಇಪ್ಪತ್ತು ಬೈಕುಗಳು ಹುರುಳಿಯ ಮೇಲೆ ಸಾಲಾಗಿ, ಆಮೆಯ ಹಾಗೆ, ಸುತ್ತು ಹಾಕಿದವು. ನಡುವೆ ಆ ಹೆಂಗಸು ಕೋಲು ಹಿಡಿದು ನಿಂತು, "ಹಗೂರಕ! ಏಯ್ ಕೆಂಪಂಗಿ, ಹಗೂರಕ ಹೋಗಲೇ! ಜೋರು ಹೋದ್ರ ಕಾಳು ಸಿಡಿತಾವ!" ಎಂದು ಕೂಗುತ್ತಿದ್ದಳು. ನಾವು ವರ್ಷಗಟ್ಟಲೆ ದಂಡ ಹಾಕಿ ಕಲಿಸಲಾಗದ್ದನ್ನು ಅವಳು ಒಂದು ಕೋಲಿನಲ್ಲಿ ಕಲಿಸಿಬಿಟ್ಟಳು. ಒಬ್ಬನೂ ಹತ್ತರ ಮೇಲೆ ಹೋಗಲಿಲ್ಲ.

ಬಳ್ಳಿ ಸರಿಸಿ, ಕಾಳು ತುಂಬಿ, ರಸ್ತೆ ಗುಡಿಸಿ ಕೊಟ್ಟು ಹೋಗುವಾಗ ಸಾಹೇಬರ ಹತ್ತಿರ ಬಂದು ಹೇಳಿದಳು:

"ಬೈಕು ಭಾಳ ಹಗುರ ಆದ್ವು ಸಾಹೇಬ್ರ. ಮುಂದಿನ ಸಲ ಲಾರಿ ರೇಸ್ ಇಡ್ರಿ."

ಪಂಚರು

ಗೆಲುವಿನ ಗೆರೆಯ ಹತ್ತಿರ ಪಕ್ಷಪಾತವಿಲ್ಲದ ಇಬ್ಬರು ನಿಂತು, ಯಾರು ಮೊದಲು ದಾಟಿದರೆಂದು ಹೇಳಬೇಕು. ಪೊಲೀಸರು ನಿಂತರೆ ಹುಡುಗರು ನಂಬುವುದಿಲ್ಲ, ಹುಡುಗರು ನಿಂತರೆ ಪೊಲೀಸರು ನಂಬುವುದಿಲ್ಲ. ನೋಡಲು ಬಂದಿದ್ದ ಊರಿನವರೇ ಆಗಲಿ ಅಂತ ಸಾಹೇಬರು ಅಂದರು.

ಜನ ಕಿಕ್ಕಿರಿದು ನಿಂತಿದ್ದರು. ನಾನು ಮೈಕ್ ತೆಗೆದುಕೊಂಡು, ಇಪ್ಪತ್ತು ವರ್ಷದ ಅಭ್ಯಾಸ ನೋಡಿ, ಬಾಯಿಗೆ ಬಂದದ್ದನ್ನು ಅಂದುಬಿಟ್ಟೆ: "ಇಬ್ಬರು ಪಂಚರು ಬೇಕು, ಮುಂದ ಬರ್ರಿ!"

ಪೊಲೀಸರು ಸ್ಥಳದಲ್ಲಿ ಮಹಜರು ಬರೆಯುವಾಗ ಸಾಕ್ಷಿಗೆ ಸಹಿ ಮಾಡುವವರೇ ಪಂಚರು. ಒಂದು ಸಹಿ ಮಾಡಿದರೆ ಆಮೇಲೆ ವರ್ಷಾನುಗಟ್ಟಲೆ ಕೋರ್ಟಿಗೆ ಅಲೆಯಬೇಕೆಂದು ನಮ್ಮ ಕಡೆ ಹುಟ್ಟಿದ ಕೂಸಿಗೂ ಗೊತ್ತು. ಮೈಕಿನಲ್ಲಿ ಆ ಪದ ಕೇಳಿದ್ದೇ ತಡ, ಜನ ಕರಗಿದರು. ಟೀ ಕುಡಿಯುತ್ತಿದ್ದವರು ಲೋಟ ಬಿಟ್ಟು ಹೋದರು. ಟೀ ಮಾರುವವನೂ ಹೋದ. ಒಬ್ಬನಂತೂ ಹೋಗುವ ಅವಸರದಲ್ಲಿ ಬೇರೆಯವರ ಸೈಕಲ್ ಹತ್ತಿ ಹೋದ.

ಧೂಳು ಕೂತ ಮೇಲೆ ನೋಡಿದರೆ ಉಳಿದವನು ಒಬ್ಬನೇ ಒಬ್ಬ ಅಜ್ಜ, ಬೇವಿನ ಮರದ ಬುಡದಲ್ಲಿ ಕಾಲು ಚಾಚಿ ಕೂತಿದ್ದ. ಕಿವಿ ಕೇಳುವುದಿಲ್ಲವೇನೋ ಅಂದುಕೊಂಡು ಹತ್ತಿರ ಹೋಗಿ ಕೂಗಿದೆ, "ಯಜ್ಜಾ, ನೀ ಯಾಕ ಓಡಲಿಲ್ಲ?"

"ಯಾಕ ಒದರ್ತಿಯವ್ವ, ಕೇಳತೈತಿ" ಅಂದ. "ನಾನು ಆಗಲೇ ನಾಕು ಕೇಸಿಗೆ ಪಂಚ ಅದೀನಿ. ಇದೊಂದು ಯಾ ಲೆಕ್ಕ? ಆದ್ರ ಒಂದು ಉಪಕಾರ ಮಾಡು. ಇದರ ತಾರೀಖೂ ಅವುಗಳ ಜೊತಿಗೇ ಹಾಕ್ಸು. ಬರೋದು ಬರ್ತೀನಿ, ಒಂದೇ ಬಸ್ಸಿಗೆ ಮುಗೀಲಿ."

ಕೈ ತಾನೇ ಹೋಯಿತು

ದೊಡ್ಡ ಪಂದ್ಯ ಕೊನೆಗೆ ಇಟ್ಟಿದ್ದೆವು. ಹುಡುಗರ ಕಡೆಯಿಂದ ಗುಡೇಕೋಟೆಯವನು. ಪೊಲೀಸರ ಕಡೆಯಿಂದ ಯಾರು ಎಂಬ ಪ್ರಶ್ನೆಗೆ ಎಲ್ಲರೂ ಎಲ್ಲರನ್ನೂ ತೋರಿಸಿ, ಕೊನೆಗೆ "ಡ್ರೈವರ್ ಅಂದ್ರ ಡ್ರೈವರೇ" ಎಂದು ನಮ್ಮ ಜೀಪಿನ ಡ್ರೈವರನ್ನು ಇಲಾಖೆಯ ಬೈಕಿನ ಮೇಲೆ ಕೂರಿಸಿದೆವು. ಪಂಚರ ಭಯ ಇಳಿದು ಜನರೆಲ್ಲ ವಾಪಸ್ ಬಂದಿದ್ದರು.

ಬಾವುಟ ಬಿತ್ತು. ನಂಬಿದರೆ ನಂಬಿ, ಮೊದಲ ನೂರು ಮೀಟರು ನಮ್ಮ ಡ್ರೈವರೇ ಮುಂದೆ! ನಮ್ಮವರು ಶಿಳ್ಳೆ ಹೊಡೆದರು. ಸಾಹೇಬರು ಕುರ್ಚಿಯಿಂದ ಎದ್ದು ನಿಂತರು. ಅಷ್ಟರಲ್ಲಿ ಡ್ರೈವರು ಗಕ್ಕನೆ ಬ್ರೇಕ್ ಹಾಕಿ, ಕೈ ತೋರಿಸಿ, ಎಡಕ್ಕೆ ತಿರುಗಿಸಿ ರಸ್ತೆಯಿಂದ ಕೆಳಗಿಳಿದುಬಿಟ್ಟರು. ಗುಡೇಕೋಟೆಯವನು ಗೆರೆ ದಾಟಿಯಾಗಿತ್ತು.

ಚೈನು ಕಡಿಯಿತೋ, ಎದೆ ನೋವೋ ಎಂದು ನಾವೆಲ್ಲ ಓಡಿದೆವು. ಹೋಗಿ ನೋಡಿದರೆ, ರೇಸ್ ನೋಡಲು ಒಂದೇ ಸ್ಕೂಟರಿನಲ್ಲಿ ಮೂವರು ಬಂದಿದ್ದಾರೆ. ನಮ್ಮ ಡ್ರೈವರು ಆ ಸ್ಕೂಟರಿನ ಕೀಲಿ ಕಿತ್ತು ಕೈಯಲ್ಲಿ ಹಿಡಿದಿದ್ದಾರೆ.

"ಏನ್ರೀ ಇದು! ರೇಸ್ ನಡುವೆ!" ಸಾಹೇಬರಿಗೆ ಅಳುವುದೊಂದು ಬಾಕಿ.

"ಏನ್ ಮಾಡ್ಲಿ ಸಾರ್. ಮೂರು ಮಂದಿ ಕುಂತಿದ್ರು. ಕಣ್ಣಿಗೆ ಬಿತ್ತು. ಕೈ ತಾನ ಬ್ರೇಕಿಗೆ ಹೋತು."

ಗೆರೆಯ ಹತ್ತಿರದಿಂದ ಪಂಚ ಅಜ್ಜ ತನ್ನ ತೀರ್ಪು ಕೂಗಿ ಹೇಳಿದ: "ಬರಕಳ್ರಿ! ರೇಸು ಹುಡುಗ ಗೆದ್ದ. ಕೀಲಿ ಪೊಲೀಸ್ರು ಗೆದ್ರು!"

ಜಗಲಿ ಮೇಲಿನ ಪ್ಲಗ್ಗು

ಎಲ್ಲರೂ ಸಹಿ ಮಾಡಿ ಹೋದರು. ಗುಡೇಕೋಟೆಯವನೂ ಮಾಡಿದ. ನನಗೆ ಒಂದು ವಾರ ನೆಮ್ಮದಿ. ಅಷ್ಟರಲ್ಲಿ ಶನಿವಾರ ಸಂಜೆ ಡ್ರೈವರು ಬಂದು ಕಿವಿಯಲ್ಲಿ ಹೇಳಿದರು. ಹರಪನಹಳ್ಳಿ ಹುಡುಗರು ಗುಡೇಕೋಟೆಯವನಿಗೆ ಫೋನ್ ಮಾಡಿ ಕೆಣಕಿದ್ದಾರಂತೆ: "ನಾನೂರು ಮೀಟ್ರು ಅಂದ್ರೆ ಮಕ್ಕಳಾಟ ಕಣಲೇ. ನಾಳೆ ಬಾ, ಕೊಟ್ಟೂರ್ ತನಕ ಹೋಗೋಣ."

ಕಾಗದ ನೋಡುವ ದಿನ ಹತ್ತಿರವಿತ್ತು. ನಾಳೆ ಆ ರಸ್ತೆಯಲ್ಲಿ ನಮ್ಮವರೇ ಹಿಡಿಯಲು ನಿಂತಿರುತ್ತಾರೆ. ಸಿಕ್ಕರೆ ಕೇಸು ಖಂಡಿತ, ಸಾಹೇಬರು ಬಿಡುವವರಲ್ಲ. ಭಾನುವಾರ ಬೆಳಿಗ್ಗೆ ಕಣ್ಣು ತೆರೆದವಳೇ ಸ್ಕೂಟರ್ ತೆಗೆದುಕೊಂಡು ಅವನ ಹಳ್ಳಿಗೆ ಹೋದೆ.

ಅವನು ಮನೆಯ ಮುಂದಿನ ಕಟ್ಟೆಯ ಮೇಲೆ ಮುಖ ಊದಿಸಿಕೊಂಡು ಕೂತಿದ್ದ. ಬೈಕು ಅಂಗಳದಲ್ಲೇ ಇತ್ತು.

"ಹೋಗಲಿಲ್ಲೇನಪ?"

"ಹೆಂಗ ಹೋಗ್ಲಿ ಮೇಡಂ? ಒಳಗ ಹೋಗಿ ನೋಡ್ರಿ."

ಒಳಗೆ ದೇವರ ಜಗಲಿಯ ಮೇಲೆ, ಮೈಲಾರಲಿಂಗನ ಮುಂದೆ, ಬೈಕಿನ ಸ್ಪಾರ್ಕ್ ಪ್ಲಗ್ಗು. ಅದಕ್ಕೆ ಭಂಡಾರದ ಅರಿಸಿನ ಹಚ್ಚಿ, ಮೇಲೊಂದು ಹೂವು ಇಟ್ಟಿದೆ.

"ಐತಾರ ದೇವರ ವಾರ ನೋಡ್ರಿ" ಅಂದಳು ತಾಯಿ, ಶಾಂತವಾಗಿ. "ಐತಾರ ಜಗಲಿ ಮ್ಯಾಲ ಇಟ್ಟದ್ದು ಸೋಮಾರ ಪೂಜಿ ಆಗಾತನ ಎತ್ತಂಗಿಲ್ಲ. ಎತ್ತಲಿ ನೋಡ್ತೀನಿ."

ಮಗ ಹೊರಗಿನಿಂದಲೇ ಗೊಣಗಿದ. "ಮೇಡಂ, ನೀವು ಸೀಜ್ ಮಾಡಿದ್ರ ಕೋರ್ಟಿಗೆ ಹೋಗಿ ಬಿಡಿಸ್ಕೊಂಡು ಬರ್ತಿದ್ದೆ. ಇದಕ್ಕ ಯಾ ಕೋರ್ಟಿಗೆ ಹೋಗಬೇಕು?"

ನಾನು ಆಶ್ಚರ್ಯದಿಂದ ಕೇಳಿದೆ, "ಅಲ್ಲವ್ವ, ಪ್ಲಗ್ ಬಿಚ್ಚೋದು ನಿನಗ ಯಾರು ಕಲಿಸಿದ್ರು?"

"ಯಾರು ಕಲಸ್ತಾರ? ಇವರಪ್ಪನ ಮೊಪೆಡ್ಡಿಂದು ಬಿಚ್ಚಿ ಬಿಚ್ಚಿ ಕಲ್ತೀನಿ."

ಮೂಲೆಯಲ್ಲಿ ಸುಮ್ಮನೆ ಬೀಡಿ ಸೇದುತ್ತಿದ್ದ ಅವರಪ್ಪ ಎದ್ದು, ಕುರಿ ನೋಡಿ ಬರುತ್ತೇನೆಂದು ಹಟ್ಟಿಯ ಕಡೆ ಹೋದ.

ಸದರಿಯವನು

ನಮ್ಮ ಠಾಣೆಯಲ್ಲಿ ಒಬ್ಬರು ರೈಟರ್ ಇದ್ದಾರೆ. ರೈಟರ್ ಎಂದರೆ ಠಾಣೆಯ ಬರವಣಿಗೆಯನ್ನೆಲ್ಲ ನೋಡಿಕೊಳ್ಳುವವರು. ಮೂವತ್ತು ವರ್ಷದಿಂದ ದೂರು, ಮಹಜರು, ವರದಿ ಬರೆದೂ ಬರೆದೂ ಮನೆಯಲ್ಲಿ ಹೆಂಡತಿಗೆ ಸಂತೆಯ ಪಟ್ಟಿ ಬರೆದರೂ 'ಸದರಿ ಬದನೆಕಾಯಿ' ಎಂದು ಬರೆಯುತ್ತಾರೆಂದು ಪ್ರತೀತಿ. ರೇಸಿನಲ್ಲಿ ಗೆದ್ದವರ ಸರ್ಟಿಫಿಕೇಟು ಬರೆಯುವ ಕೆಲಸವೂ ಅವರಿಗೇ ಹೋಯಿತು. ಸಾಹೇಬರು ಓದದೆ ಸಹಿ ಮಾಡಿದರು, ನಾನು ಓದದೆ ಹಂಚಿದೆ, ಹುಡುಗರು ಓದದೆ ಫೋಟೋ ತೆಗೆಸಿಕೊಂಡರು.

ಗುಡೇಕೋಟೆಯವನು ಅದಕ್ಕೆ ಲ್ಯಾಮಿನೇಶನ್ ಮಾಡಿಸಿದ. ಅಷ್ಟೇ ಆಗಿದ್ದರೆ ಚಿಂತೆಯಿರಲಿಲ್ಲ. ಪೊಲೀಸರೇ ಕೊಟ್ಟ ಕಾಗದ, ಡ್ರೈವರ್ ಕೆಲಸಕ್ಕೆ ತೂಕ ಬರುತ್ತದೆ ಎಂದುಕೊಂಡು, ಹೊಸಪೇಟೆಯಲ್ಲಿ ಕಾಗದ ನೋಡುವ ದಿನ ಫೈಲಿನಲ್ಲಿ ಎಲ್ಲಕ್ಕಿಂತ ಮೇಲೆ ಇಟ್ಟುಕೊಂಡು ಹೋದ.

ಮಧ್ಯಾಹ್ನ ಮೂರೂವರೆಗೆ ಠಾಣೆಗೆ ಫೋನು. ನಾನೇ ಎತ್ತಿದೆ. ಹೊಸಪೇಟೆಯಲ್ಲಿ ಕಾಗದ ನೋಡುತ್ತಿದ್ದ ಅಧಿಕಾರಿ.

"ನಿಮ್ಮ ಠಾಣೆ ಸೀಲಿರೋ ಒಂದು ಕಾಗದ ನನ್ನ ಕೈಯಾಗ ಐತ್ರಿ. ಇದು ಸರ್ಟಿಫಿಕೇಟೋ, ಚಾರ್ಜ್‌ಶೀಟೋ?"

"ಸರ್ಟಿಫಿಕೇಟ್ ಸರ್. ಯಾಕ?"

"ಕೇಳ್ರಿ ಹಂಗಾದ್ರ." ಅವರು ಗಂಟಲು ಸರಿ ಮಾಡಿಕೊಂಡು ಓದಿದರು: "'ಸದರಿಯವನು ತನ್ನ ಬಾಬ್ತು ಮೋಟಾರ್ ಸೈಕಲ್ಲನ್ನು ಅತಿವೇಗ ಮತ್ತು ಅಜಾಗರೂಕತೆಯಿಂದ ಚಲಾಯಿಸಿಕೊಂಡು ಬಂದು, ಕರ್ತವ್ಯದಲ್ಲಿದ್ದ ಪೊಲೀಸ್ ಸಿಬ್ಬಂದಿಯನ್ನು ಹಿಂದಿಕ್ಕಿ, ಪ್ರಥಮ ಸ್ಥಾನ ಪಡೆದಿರುವುದು ಸ್ಥಳದಲ್ಲಿ ಹಾಜರಿದ್ದ ಪಂಚರಿಂದ ದೃಢಪಟ್ಟಿರುತ್ತದೆ. ಸದರಿಯವನ ವಿರುದ್ಧ ಅಭಿನಂದನೆ ಸಲ್ಲಿಸಲಾಗಿದೆ.'"

ನಾನು ಹಣೆ ಚಚ್ಚಿಕೊಂಡೆ.

"ಈಗ ಹುಡುಗ ಜಾಮೀನಿನ ಮ್ಯಾಲ ಅದಾನೇನ್ರಿ?"

"ಇಲ್ಲ ಸರ್, ಅವನು ಗೆದ್ದಾನ."

"ಯಾ ಕೋರ್ಟಿನ್ಯಾಗ?"

ಬಿಡಿಸಿ ಹೇಳಿದೆ. ರೇಸು, ಹಳೇ ರಸ್ತೆ, ಸಾಹೇಬರ ಯೋಜನೆ ಎಲ್ಲ. ಅವರು ತಾಳ್ಮೆಯಿಂದ ಕೇಳಿ, "ಇರಬಹುದು ಮೇಡಂ. ಆದ್ರ ಬಸ್ಸಿನ ಡ್ರೈವರ್ ಕೆಲಸಕ್ಕ ಬಂದವನ ಫೈಲಿನ್ಯಾಗ 'ಅತಿವೇಗ ಮತ್ತು ಅಜಾಗರೂಕತೆ' ಅಂತ ಪೊಲೀಸ್ರೇ ಬರೆದು ಸೀಲ್ ಹಾಕಿದ ಮ್ಯಾಲ ನಾನು ಹೆಂಗ ಕಣ್ಣು ಮುಚ್ಕಳ್ಳಿ? ಐದು ಗಂಟಿಗೆ ಲಿಸ್ಟ್ ಮುಚ್ತೈತಿ. ಅಷ್ಟರಾಗ ಸರಿ ಇರೋ ಕಾಗದ ಬಂದ್ರ ಸರಿ. ಇಲ್ಲಂದ್ರ ಮುಂದಿನವನಿಗೆ ಹೋಗ್ತೈತಿ" ಎಂದು ಫೋನಿಟ್ಟರು.

ಅವನ ಮೇಲೆ ಕೇಸು ಬೀಳದಂತೆ ಇಷ್ಟು ದಿನ ಕಾದವಳು ನಾನು. ಈಗ ನೋಡಿದರೆ ನಾವೇ ಕೇಸು ಬರೆದು, ಲ್ಯಾಮಿನೇಶನ್ ಮಾಡಿಸಿ ಕಳಿಸಿದ್ದೆವು!

ರೈಟರ್ ಹತ್ತಿರ ಓಡಿದೆ. "ಏನ್ರಿ ಇದು ನೀವು ಬರೆದದ್ದು?"

"ಯಾಕ ಮೇಡಂ? ವಾಹನದ ವಿಷಯ ಅಂದ ಮ್ಯಾಲ ಹಂಗ ಬರೀಬೇಕಲ್ಲ. 'ಅತಿವೇಗ ಮತ್ತು ಅಜಾಗರೂಕತೆ' ಇಲ್ಲಂದ್ರ ಸೆಕ್ಷನ್ ನಿಲ್ಲಂಗಿಲ್ಲ."

"ಇದರಾಗ ಸೆಕ್ಷನ್ ಎಲ್ಲೈತ್ರಿ!"

"ಅದಕ್ಕ ನಾನು ಸೆಕ್ಷನ್ ಹಾಕಿಲ್ಲ ನೋಡ್ರಿ" ಅಂದರು, ಬಹಳ ರಿಯಾಯಿತಿ ತೋರಿಸಿದವರ ಹಾಗೆ.

"ಆ ಎರಡು ಮಾತು ತೆಗೀರಿ. ಪಂಚರು, ವಿರುದ್ಧ ಎಲ್ಲ ತೆಗೀರಿ. ಹುಡುಗನ ಬಗ್ಗೆ ಚಲೋದು ಬರೀರಿ. ಜಲ್ದಿ!"

ಸಾಹೇಬರು ಎಲ್ಲಿಗೋ ಬಂದೋಬಸ್ತಿಗೆ ಹೊರಟು ಜೀಪು ಹತ್ತುತ್ತಿದ್ದರು. ನಾನು ಜೀಪಿಗೆ ಅಡ್ಡ ನಿಂತೆ. ರೈಟರ್ ಹೊಸ ಕಾಗದ ತಂದು ಬಾನೆಟ್ಟಿನ ಮೇಲೆ ಇಟ್ಟರು, ಸಾಹೇಬರು ಈ ಸಲವೂ ಓದದೆ ಸಹಿ ಮಾಡಿದರು. ನಾನು ಓದೋಣವೆಂದು ಕೈ ಚಾಚುವಷ್ಟರಲ್ಲಿ ರೈಟರ್ ಅದನ್ನು ಲಕೋಟೆಗೆ ಹಾಕಿ, ಅಂಟಿಸಿ, ಅರಗು ಇಟ್ಟು ಮೊಹರು ಒತ್ತಿಬಿಟ್ಟರು.

"ಒಂದು ಸಲ ತೋರಿಸಬಾರದೇನ್ರಿ?"

"ಇಲಾಖಿಯಿಂದ ಇಲಾಖಿಗೆ ಹೋಗೋ ಕಾಗದ ಮೇಡಂ. ತೆರೆದು ಒಯ್ಯಂಗಿಲ್ಲ. ಚಿಂತಿ ಮಾಡಬ್ಯಾಡ್ರಿ, ನೀವು ಹೇಳಿದಂಗ ಎಲ್ಲ ಚಲೋದ ಬರೆದೀನಿ."

ಕೂಡ್ಲಿಗಿಯ ಆ ಹೈವೇ ಮೇಲೆ ಅಂದು ನಾನು ಸ್ಕೂಟರನ್ನು ಎಷ್ಟು ವೇಗದಲ್ಲಿ ಓಡಿಸಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ.

ಹೊಸಪೇಟೆ ಮುಟ್ಟಿದಾಗ ಐದಕ್ಕೆ ಹತ್ತು ನಿಮಿಷ. ಕಚೇರಿಯ ಬೆಂಚಿನ ಮೇಲೆ ಅವನು ಬಿಳಿ ಅಂಗಿ ಹಾಕಿಕೊಂಡು, ಫೈಲು ಎದೆಗೆ ಒತ್ತಿಕೊಂಡು ಕೂತಿದ್ದ. ನನ್ನನ್ನು ನೋಡಿ ಎದ್ದು ನಿಂತ. ಇಬ್ಬರೂ ಒಳಗೆ ಹೋದೆವು.

ಅಧಿಕಾರಿ ಲಕೋಟೆ ಒಡೆದರು. ಕನ್ನಡಕ ಏರಿಸಿ ಮನಸ್ಸಿನಲ್ಲೇ ಒಮ್ಮೆ ಓದಿಕೊಂಡರು. ಕನ್ನಡಕ ತೆಗೆದು ಒರೆಸಿ ಇನ್ನೊಮ್ಮೆ ಓದಿದರು. ಆಮೇಲೆ ನಮ್ಮಿಬ್ಬರಿಗೂ ಕೇಳುವ ಹಾಗೆ ಗಟ್ಟಿಯಾಗಿ ಓದಿದರು:

"'ಸದರಿಯವರು ಡ್ರ್ಯಾಗ್ ರೇಸಿನಲ್ಲಿ ತಮ್ಮ ಮೋಟಾರ್ ಸೈಕಲ್ಲನ್ನು ಅತಿ ನಿಧಾನವಾಗಿ ಮತ್ತು ಅತಿ ಜಾಗರೂಕತೆಯಿಂದ ಚಲಾಯಿಸಿ ಪ್ರಥಮ ಸ್ಥಾನ ಪಡೆದಿರುತ್ತಾರೆ.'"

ನಾನು ನೆಲದ ಹಾಸುಗಲ್ಲು ಎಣಿಸತೊಡಗಿದೆ.

ಅಧಿಕಾರಿ ಕಾಗದ ಕೆಳಗಿಟ್ಟರು. "ತಮ್ಮಾ, ನಾನು ಬೆಳಿಗ್ಗಿಂದ ಸುಳ್ಳು ಕಾಗದ ತಂದ ಮೂರು ಮಂದಿನ್ನ ವಾಪಸ್ ಕಳಿಸೀನಿ. ನೀನು ಸುಳ್ಳು ಹೇಳಿದ್ರ ನಾಲ್ಕನೇದವ ಆಗ್ತಿ. ಖರೇ ಹೇಳು. ಯಾವ ರೇಸಿನ್ಯಾಗ ನಿಧಾನ ಹೋದವ ಫಸ್ಟ್ ಬರ್ತಾನ?"

ಹುಡುಗ ಕಾಗದ ನೋಡಿದ. ಅಧಿಕಾರಿಯನ್ನು ನೋಡಿದ. ಆಮೇಲೆ ಬಹಳ ಸಂಕೋಚದಿಂದ ನನ್ನ ಸಮವಸ್ತ್ರವನ್ನು ಒಮ್ಮೆ ನೋಡಿ, ತಲೆ ತಗ್ಗಿಸಿ ಹೇಳಿದ:

"ಎದುರಾಳಿ ಪೊಲೀಸ್ರು ಇದ್ರು, ಸರ್."

ಅಧಿಕಾರಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಮೇಜಿನ ಮೇಲಿನ ಸೀಲು ಎತ್ತಿಕೊಂಡು ಅವನ ಫೈಲಿನ ಮೇಲೆ ಠಪ್ಪೆಂದು ಒತ್ತಿದರು.

"ಹಂಗಾದ್ರ ಕಾಗದ ಖರೇನ ಐತಿ."